ಡೆಕ್‌ಗೆ ಆರೇ ರೇರ್: ನಡೆಯಲ್ಲ ಅಂದವರೂ ಈಗ ಆಡ್ತಿದ್ದಾರೆ

ಮ್ಯಾಜಿಕ್ ಕಾರ್ಡ್ ಆಟದಲ್ಲಿ ಒಬ್ಬರ ಡೆಕ್‌ಗೆ, ಅಂದರೆ ಆಡಲು ತರುವ ಕಾರ್ಡಿನ ಕಟ್ಟಿಗೆ, ಆರೇ ರೇರ್ (ಅಪರೂಪದ ಕಾರ್ಡ್) ಅನ್ನೋ ನಿಯಮ ಮಾಡಿದೆ. "ಇದು ಒಂದು ತಿಂಗಳೂ ನಡೆಯಲ್ಲ ಗುರು" ಅಂದಿದ್ದವರು ಈಗ ಶನಿವಾರ ಎಲ್ಲರಿಗಿಂತ ಮೊದಲು ಬಂದು ಕೂರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಬೆಂಗಳೂರಿನ ಹತ್ತು-ಹನ್ನೆರಡು ಜನರ ಮ್ಯಾಜಿಕ್ ಗುಂಪು. ಇಬ್ಬರ ಡೆಕ್‌ಗೆ ನಲವತ್ತು ಸಾವಿರದ ಮೇಲೆ ಖರ್ಚಾಗಿತ್ತು. ಉಳಿದವರು ಸೋಲೋಕೆ ಅಂತಲೇ ಬರುತ್ತಿದ್ದರು. ಒಂದು ಹೆಸರಿನ ಕಾರ್ಡ್ ನಾಲ್ಕೇ ಅನ್ನೋ ನಿಯಮ 1994ರಿಂದ ಇದೆ, ನಿಜ. ಆದರೆ ಅದು ಜೇಬು ಕಾಯಲ್ಲ. ಹತ್ತು ಬಗೆಯ ರೇರ್ ನಾಲ್ಕು ನಾಲ್ಕು ಹಾಕಿದರೆ ನಲವತ್ತು ರೇರ್ ಆಯ್ತಲ್ಲ! ಹರ್ತ್‌ಸ್ಟೋನ್ ಅನ್ನೋ ಡಿಜಿಟಲ್ ಕಾರ್ಡ್ ಆಟದಲ್ಲೂ ಅದೇ ಕಥೆ. ಅಲ್ಲಿನ ಅತಿ ಅಪರೂಪದ ಕಾರ್ಡ್ ಲೆಜೆಂಡರಿ, ಅದು ಒಂದು ಹೆಸರಿನದು ಒಂದೇ ಸಲ, ಆದರೆ ಬೇರೆ ಬೇರೆ ಲೆಜೆಂಡರಿ ತುಂಬಿಕೊಂಡು ಬಂದರೆ ಕೇಳೋರಿಲ್ಲ.

ಮೊದಲು ಪಾಪರ್ ಅನ್ನೋ ಬಗೆಯ ಆಟ ಆಡಿಸಿದೆ. ಬರೀ ಕಾಮನ್, ಅಂದರೆ ಸುಲಭವಾಗಿ ಸಿಗುವ ಕಾರ್ಡ್. ಆಟವೇನೋ ಚೆನ್ನಾಗಿದೆ. ಆದರೆ ದುಡ್ಡು ಸುರಿದು ರೇರ್‌ಗಿಂತಲೂ ಅಪರೂಪದ ಮಿಥಿಕ್ ಕೊಂಡವರು ಅದನ್ನ ಬೈಂಡರಿನಲ್ಲಿಟ್ಟು ನೋಡ್ತಾ ಕೂರಬೇಕಾ? ಕೆಲವೇ ವಾರಕ್ಕೆ ಇಬ್ಬರು ಬರೋದೇ ನಿಲ್ಲಿಸಿದರು. ಆಮೇಲೆ ಮ್ಯಾಜಿಕ್‌ನದೇ ಇನ್ನೊಂದು ಬಗೆಯಾದ ಕೆನಡಿಯನ್ ಹೈಲ್ಯಾಂಡರ್ ಥರ, ಬಲವಾದ ಕಾರ್ಡುಗಳಿಗೆ ಪಾಯಿಂಟ್ ಹಾಕಿ ಪಟ್ಟಿ ಮಾಡಿದೆ. ಅಲ್ಲಿ 100 ಕಾರ್ಡಿನ ಡೆಕ್‌ಗೆ 10 ಪಾಯಿಂಟ್. ನಮ್ಮಲ್ಲಿ ಆಟಕ್ಕಿಂತ ಯಾವ ಕಾರ್ಡಿಗೆ ಎಷ್ಟು ಪಾಯಿಂಟ್ ಅನ್ನೋ ಜಗಳವೇ ಜಾಸ್ತಿ ಆಯ್ತು.

ದಾರಿ ಸಿಕ್ಕಿದ್ದು ಅಕ್ಕನ ಮಗನ ಪೋಕೆಮಾನ್ ಡೆಕ್‌ನಲ್ಲಿ. ಅದರಲ್ಲಿ ಏಸ್ ಸ್ಪೆಕ್ ಅಂತ ಒಂದು ಬಗೆಯ ಕಾರ್ಡ್ ಇದೆಯಲ್ವಾ, 2012ರಲ್ಲಿ ಬಂದು 2024ರಲ್ಲಿ ಮತ್ತೆ ಶುರುವಾಗಿದ್ದು? ಅದರ ಹೆಸರು ಯಾವುದೇ ಇರಲಿ, ಇಡೀ ಡೆಕ್‌ಗೆ ಒಂದೇ. ನಾನೂ ಇಡೀ ಡೆಕ್‌ಗೆ ಲೆಕ್ಕ ಕಟ್ಟಿದೆ. 60 ಕಾರ್ಡು, ಆಟಗಳ ನಡುವೆ ಬದಲಿಸಿಕೊಳ್ಳೋಕೆ 15ರ ಸೈಡ್‌ಬೋರ್ಡು, ಎಲ್ಲ ಸೇರಿ ಆರು ರೇರ್. ಮಿಥಿಕ್ ಒಂದಕ್ಕೆ ಎರಡರ ಲೆಕ್ಕ.

ತಕ್ಷಣ ಕೆಟ್ಟಿದ್ದು ಲ್ಯಾಂಡ್‌ನಲ್ಲಿ, ಅಂದರೆ ಬೇರೆ ಕಾರ್ಡ್ ಆಡೋಕೆ ಬೇಕಾದ ಬಣ್ಣದ ಶಕ್ತಿ (ಮನಾ) ಕೊಡುವ ಕಾರ್ಡಿನಲ್ಲಿ. ಎರಡು ಬಣ್ಣ ಕೊಡುವ ಶಾಕ್ ಲ್ಯಾಂಡ್ ರೇರ್, ನಾಲ್ಕು ಹಾಕಿದರೆ ಉಳಿಯೋದು ಎರಡೇ ರೇರ್. ಎರಡು ಬಣ್ಣದ ಡೆಕ್ ಸತ್ತೇ ಹೋಯ್ತು, ಮೂರು ಬಣ್ಣದ ಮಾತೇ ಬೇಡ. ಎಲ್ಲರೂ ಕೆಂಪು ಬಣ್ಣದ ಸಾಮಾನ್ಯ ಲ್ಯಾಂಡ್ ಆದ ಮೌಂಟನ್ ಮಾತ್ರ ಹಿಡಿದು ಬಂದರು. ಒಂದು ತಿಂಗಳು ಎದುರಿಗೆ ಯಾರೇ ಕೂತರೂ ಮೊದಲ ಟರ್ನ್ ಅದೇ ಕೆಂಪು ಕ್ರೀಚರ್ (ಕಾದಾಡುವ ಜೀವಿಯ ಕಾರ್ಡ್) ಸ್ವಿಫ್ಟ್‌ಸ್ಪಿಯರ್. "ಹೇಳಿದ್ನಲ್ಲ" ಅಂತ ಎಲ್ಲರೂ ನನ್ನನ್ನೇ ನೋಡಿದರು. ಆಗ ರೇರ್ ಲ್ಯಾಂಡನ್ನು ಲೆಕ್ಕದಿಂದ ತೆಗೆದೆ, ಆದರೆ ಒಂದು ಹೆಸರಿನದು ಒಂದೇ. ಮಿಕ್ಕಿದ್ದಕ್ಕೆ ಟ್ಯಾಪ್ ಆಗಿ, ಅಂದರೆ ಇಳಿಸಿದ ಟರ್ನ್‌ನಲ್ಲಿ ಬಳಸೋಕಾಗದ ಹಾಗೆ, ಬರುವ ಕಾಮನ್ ಲ್ಯಾಂಡ್. ಎರಡು ಬಣ್ಣ ಆಡೋರು ಒಂದು ಟರ್ನ್ ನಿಧಾನ ಆಗುತ್ತಾರೆ, ಸಾಯಲ್ಲ. ಈ ಒಂದು ತಿದ್ದುಪಡಿಯಿಂದಲೇ ಆಟ ಉಳಿದುಕೊಂಡಿತು.

ಇನ್ನೊಂದು ರಗಳೆ, ರೇರ್ ಅಂದರೆ ಯಾವುದು? ಮನಾ ಡ್ರೇನ್ ಅನ್ನೋ ಕಾರ್ಡ್ 1994ರ ಲೆಜೆಂಡ್ಸ್ ಸೆಟ್‌ನಲ್ಲಿ ಅನ್‌ಕಾಮನ್ (ಕಾಮನ್‌ಗೂ ರೇರ್‌ಗೂ ನಡುವಿನದು), 2017ರ ಐಕಾನಿಕ್ ಮಾಸ್ಟರ್ಸ್‌ನಲ್ಲಿ ಮಿಥಿಕ್. ನನ್ನ ನಿಯಮ ಸುಲಭ. ಕೈಯಲ್ಲಿರುವ ಕಾರ್ಡಿನ ಸೆಟ್ ಚಿಹ್ನೆ ಯಾವ ಬಣ್ಣವೋ ಅದೇ. ಚಿನ್ನದ ಬಣ್ಣಕ್ಕೆ ಒಂದು, ಕಿತ್ತಳೆಗೆ ಎರಡು. ಲೆಜೆಂಡ್ಸ್ ಪ್ರತಿ ಇದ್ದವರು ತಂದು ತೋರಿಸಲಿ, ಕಾಫಿ ನಾನೇ ಕೊಡಿಸ್ತೀನಿ.

ನನ್ನ ಡೆಕ್‌ಗೆ ಸುಮಾರು ಎರಡು ಸಾವಿರ ಬಿದ್ದಿದೆ. ಕಳೆದ ಲೀಗ್ ಗೆದ್ದಿದ್ದು ಅದೇ. ಕೊನೆಯ ಆಟದಲ್ಲಿ ಎದುರಿನವನು ಶಿಯೋಲ್ಡ್ರೆಡ್ ಅನ್ನೋ ಮಿಥಿಕ್ ಕ್ರೀಚರ್ ಇಳಿಸಿದ. ಅವನು ಕೊಂಡಾಗ ಐದಾರು ಸಾವಿರ ಕೊಟ್ಟ ಕಾರ್ಡ್. ಟಫ್‌ನೆಸ್ ಐದು, ಅಂದರೆ ಐದು ಹಾನಿಯಾದರೆ ಸಾಯುತ್ತೆ. ನಾನು ಅದೇ ಟರ್ನ್ ತಲಾ ಮೂರು ಹಾನಿ ಮಾಡುವ ಎರಡು ಲೈಟ್ನಿಂಗ್ ಬೋಲ್ಟ್ ಹೊಡೆದೆ, ಮೂರು ಪ್ಲಸ್ ಮೂರು, ಹೋಯ್ತು. ಮೊದಲಾಗಿದ್ದರೆ ಮುಂದಿನ ಟರ್ನ್ ಇನ್ನೊಂದು ಬರುತ್ತಿತ್ತು. ಈಗ ಅವನ ಆರರ ಲೆಕ್ಕದಲ್ಲಿ ಅದರ ಎರಡು ಪ್ರತಿಯಷ್ಟೇ ಹಿಡಿಸಿದ್ದು, ಇನ್ನೊಂದು ಬರಲೇ ಇಲ್ಲ. ನನ್ನ ಆರು ಯಾವುವು ಅಂತ ಮಾತ್ರ ಕೇಳಬೇಡಿ. ಒಂದು ಸುಳಿವು ಕೊಡ್ತೀನಿ, ಅದರಲ್ಲಿ ಒಂದೂ ಕ್ರೀಚರ್ ಇಲ್ಲ.

ನಾವು ಕಾರ್ಡ್ ಕೊಳ್ಳೋ ಅಂಗಡಿಯವರು "ರೇರ್ ಬೇಡ ಅಂದ್ರೆ ಪ್ಯಾಕ್ ಯಾರು ಒಡೀತಾರೆ ಸಾರ್?" ಅಂದಿದ್ದರು. ಈಗ ಅವರ ಹತ್ತಿರ ಧೂಳು ಹಿಡಿದಿದ್ದ ಅನ್‌ಕಾಮನ್ ಡಬ್ಬಿಯೇ ಖಾಲಿ.

ಇದೇ ಹುರುಪಿನಲ್ಲಿ ಮ್ಯಾಜಿಕ್‌ನ 100 ಕಾರ್ಡಿನ ಬಗೆಯಾದ ಕಮಾಂಡರ್‌ಗೂ 100ಕ್ಕೆ ಹತ್ತು ರೇರ್ ಅಂತ ಮಾಡಿ ನೋಡಿದೆ. ಸೀಲ್ ಒಡೆದ ಹೊಸ ಪ್ರೀಕಾನ್ (ಕಂಪನಿಯೇ ಕಟ್ಟಿ ಮಾರುವ) ಡೆಕ್ಕೇ ಮಿತಿ ಮೀರಿತು. ಹತ್ತನ್ನು ಇಪ್ಪತ್ತು ಮಾಡಿದೆ, ಆಗಲೂ ಮೀರಿತು. ಅದಕ್ಕಿಂತ ಜಾಸ್ತಿ ಬಿಟ್ಟರೆ ಮಿತಿ ಯಾಕೆ ಬೇಕು? ಸದ್ಯಕ್ಕೆ ಕಮಾಂಡರ್ ಆಡೋರನ್ನ ಅವರ ಪಾಡಿಗೆ ಬಿಟ್ಟಿದ್ದೇನೆ.