ಟೈಮ್‌ಟೇಬಲ್ ಬಿಟ್ಟ ಮೇಲೆ ಕೆಲಸ ಹಿಡಿತಕ್ಕೆ ಬಂತು: ನನ್ನ ಅನುಭವ

ಮಕ್ಕಳು ಮನೆಯಲ್ಲಿರುವಾಗ ಟೈಮ್‌ಟೇಬಲ್ ಇಲ್ಲದೆ ಕೆಲಸ ಸಾಗುವುದಿಲ್ಲ ಎಂದು ನನಗೆ ಹೇಳದವರಿಲ್ಲ. ಗಂಡ ಹೇಳಿದರು, ನನ್ನಂತೆಯೇ ಮನೆಯಿಂದ ಸಬ್‌ಟೈಟಲ್ ಮಾಡುವ ಗೆಳತಿಯರು ಹೇಳಿದರು, ಕೆಲಸ ಕೊಡುವವರೂ ಹೇಳಿದರು. ಈಗ ಒಂದೂವರೆ ವರ್ಷದಿಂದ ನನಗೆ ಟೈಮ್‌ಟೇಬಲ್ ಇಲ್ಲ. ಡೆಡ್‌ಲೈನ್ ತಪ್ಪುವುದು ಹೆಚ್ಚುಕಡಿಮೆ ನಿಂತಿದೆ. ಮೊದಲು ನಾಲ್ಕು ಫೈಲಿಗೆ ಒಂದು ತಡವಾಗುತ್ತಿತ್ತು. ತಿಂಗಳ ಗಳಿಕೆ ಸುಮಾರು ಒಂದೂವರೆ ಪಟ್ಟಾಗಿದೆ. ಆಗ ತಲೆ ಅಲ್ಲಾಡಿಸಿದ ಗೆಳತಿಯರಲ್ಲಿ ಇಬ್ಬರು ಈಗ ಇದೇ ದಾರಿ ಹಿಡಿದಿದ್ದಾರೆ.

ನನ್ನದು ಸಬ್‌ಟೈಟಲ್ ಕೆಲಸ. ದೊಡ್ಡವಳು ಶಾಲೆಗೆ ಹೋಗುತ್ತಾಳೆ. ಚಿಕ್ಕವನು ಇಡೀ ದಿನ ನನ್ನ ಜೊತೆ. ವಿಡಿಯೋದ ನಿಮಿಷಕ್ಕಿಷ್ಟು ಎಂದು ದುಡ್ಡು ಬರುತ್ತದೆ. ಅಂದರೆ ನಾನು ಎಷ್ಟು ಹೊತ್ತು ಕೂತೆ ಎನ್ನುವುದು ಯಾರಿಗೂ ಬೇಕಿಲ್ಲ. ಕೂತ ಹೊತ್ತು ಜಾಸ್ತಿಯಾದಷ್ಟೂ ನನ್ನ ಗಂಟೆಯ ಬೆಲೆ ಇಳಿಯುತ್ತದೆ.

ಕೈಕೊಟ್ಟ ದಾರಿಗಳನ್ನು ಮೊದಲು ಹೇಳುತ್ತೇನೆ. ಕ್ಯಾಲೆಂಡರಿನಲ್ಲಿ ಬಣ್ಣ ಬಣ್ಣದ ಚೌಕ ಹಾಕಿ ಗಂಟೆ ಹಂಚುವುದು ಎಲ್ಲರೂ ಶುರುವಿಗೆ ಮಾಡುವ ಕೆಲಸ, ಅಲ್ವಾ? ನಾನೂ ಮಗನ ಎರಡು ನಿದ್ದೆಗೆ ಎರಡು ಚೌಕ ಇಟ್ಟಿದ್ದೆ. ಒಂದೂ ಕಾಲು ವರ್ಷದಿಂದ ಒಂದೂವರೆ ವರ್ಷದ ಒಳಗೆ ಬಹಳಷ್ಟು ಮಕ್ಕಳ ಹಗಲಿನ ನಿದ್ದೆ ಎರಡರಿಂದ ಒಂದಕ್ಕೆ ಇಳಿಯುತ್ತದೆ. ಇವನದೂ ಇಳಿಯಿತು. ಉಳಿದ ಆ ಒಂದೂ ಸರಿಯಾದ ಹೊತ್ತಿಗೆ ಬರುತ್ತಿರಲಿಲ್ಲ. ಒಂದೇ ವಾರದಲ್ಲಿ ಇಡೀ ಕ್ಯಾಲೆಂಡರ್ ಸತ್ತುಹೋಯಿತು.

ಆಮೇಲೆ ಪೊಮೊಡೋರೊ ಎಂಬ ಪದ್ಧತಿ. ಫ್ರಾನ್ಸೆಸ್ಕೊ ಸಿರಿಲ್ಲೊ ಅದನ್ನು 1980ರ ದಶಕದ ಕೊನೆಯಲ್ಲಿ, ತಾನು ವಿದ್ಯಾರ್ಥಿಯಾಗಿದ್ದಾಗ ಕಂಡುಕೊಂಡದ್ದು. 25 ನಿಮಿಷ ಕೆಲಸ, 5 ನಿಮಿಷ ಬಿಡುವು. ಅದರಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ: ನಡುವೆ ಕೆಲಸ ಮುರಿದರೆ ಆ 25 ನಿಮಿಷ ಲೆಕ್ಕಕ್ಕಿಲ್ಲ, ಮೊದಲಿನಿಂದ ಶುರು ಮಾಡಬೇಕು. ವಿದ್ಯಾರ್ಥಿಗೆ ಇದು ಸರಿ. ಮನೆಯಲ್ಲಿ ಮಗು ಇರುವವಳಿಗೆ ಎಂಟೊಂಬತ್ತು ಶುರು ಮಾಡಿದರೆ ಮುಗಿಯುವುದು ಮೂರು. ದಿನವೆಲ್ಲ ದುಡಿದೂ ಸಂಜೆ ಕೈಯಲ್ಲಿ ಮೂರೇ ಗುರುತು. ಇದು ಕೆಲಸಕ್ಕಿಂತ ಜಾಸ್ತಿ ಮನಸ್ಸನ್ನು ದಣಿಸಿತು.

ಬೆಳಗಿನ ಜಾವ ನಾಲ್ಕಕ್ಕೆ ಏಳುವುದನ್ನೂ ನೋಡಿದೆ. ಮೂರು ವಾರ ಚೆನ್ನಾಗಿತ್ತು. ನಂತರ ಮಗನೂ ನನ್ನ ಜೊತೆಗೇ ಏಳತೊಡಗಿದ. ನಿದ್ದೆಗೆಟ್ಟ ಕಣ್ಣಿನಲ್ಲಿ ಮಾಡಿದ ಫೈಲುಗಳು ತಿದ್ದಲು ವಾಪಸ್ ಬಂದವು. ತಿದ್ದುವುದಕ್ಕೆ ದುಡ್ಡಿಲ್ಲ.

ದುಡ್ಡು ಜಾಸ್ತಿ ಹೋದದ್ದು ಮಗುವನ್ನು ನೋಡಿಕೊಳ್ಳುವವರಿಗೆ. ವಾರಕ್ಕೆ ಐದು ದಿನ, ದಿನಕ್ಕೆ ನಾಲ್ಕು ಗಂಟೆ ಒಬ್ಬರು ಬರುತ್ತಿದ್ದರು. ಗಳಿಕೆಯ ಅರ್ಧದ ಹತ್ತಿರ ಅವರಿಗೇ ಹೋಗುತ್ತಿತ್ತು. ಆದರೂ ಫೈಲುಗಳು ತಡವಾಗುತ್ತಿದ್ದವು. ಇದೊಂದು ನನಗೆ ಅರ್ಥವೇ ಆಗುತ್ತಿರಲಿಲ್ಲ. ನಾಲ್ಕು ಗಂಟೆ ಕೈಯಲ್ಲಿದ್ದರೂ ಕೆಲಸ ಯಾಕೆ ಮುಗಿಯುತ್ತಿಲ್ಲ?

ಉತ್ತರ ಸಿಕ್ಕಿದ್ದು ಒಂದು ಹಳೆಯ ನೋಟ್‌ಬುಕ್ಕಿನಲ್ಲಿ. ಎರಡು ವಾರದಷ್ಟು ಕಾಲ ಪ್ರತಿ ಸಲ ಕೆಲಸ ಮುರಿದಾಗ ಎರಡೇ ವಿಷಯ ಬರೆದಿಟ್ಟೆ: ಆಗ ಏನು ಮಾಡುತ್ತಿದ್ದೆ, ಮತ್ತೆ ಅದೇ ವೇಗಕ್ಕೆ ಬರಲು ಎಷ್ಟು ಹೊತ್ತಾಯಿತು. ಮಗ ಕರೆದು, ನಾನು ಎದ್ದು ಹೋಗಿ ಬರುವುದಕ್ಕೆ ಮೂರು ನಾಲ್ಕು ನಿಮಿಷ ಸಾಕು. ಅದರ ನಂತರದ ಹೊತ್ತಿನಲ್ಲಿತ್ತು ವಿಷಯ. ಮಾತು ಕೇಳಿಸುವ ಹೊತ್ತಿಗೇ ಸಬ್‌ಟೈಟಲ್ ಪರದೆಗೆ ಬರುವಂತೆ ಸಮಯ ಕೂರಿಸುವಾಗ ಮುರಿದರೆ ಮತ್ತೆ ಹಿಡಿತಕ್ಕೆ ಬರಲು ಹದಿನೈದು ನಿಮಿಷ. ಮುಗಿದ ಫೈಲನ್ನು ಕೊನೆಯ ಸಲ ಓದುವಾಗ ಮುರಿದರೆ ಒಂದೇ ನಿಮಿಷ. ಬಿಲ್ ಕಳಿಸುವಾಗ ಮುರಿದರೆ ಏನೂ ನಷ್ಟವಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಆ ಮಾತು ಸಮಯ ಕೂರಿಸುವ ಕೆಲಸಕ್ಕೆ ಪೂರ್ತಿ ಒಪ್ಪುತ್ತದೆ. ಬಿಲ್ಲಿಗೆ ಒಪ್ಪುವುದಿಲ್ಲ. ನೋಡಿಕೊಳ್ಳುವವರಿದ್ದ ಆ ನಾಲ್ಕು ಗಂಟೆಯಲ್ಲಿ ನಾನು ಮೇಲ್, ಬಿಲ್ ಎಲ್ಲ ಮುಗಿಸಿ, ಅವರು ಹೋದ ಮೇಲೆ ಸಮಯ ಕೂರಿಸಲು ಕೂರುತ್ತಿದ್ದೆ.

ಅಂದಿನಿಂದ ಕೆಲಸವನ್ನು ತುರ್ತು, ಮುಖ್ಯ ಎಂದು ಬೇರ್ಪಡಿಸುವುದನ್ನೇ ಬಿಟ್ಟೆ. ಮುರಿದರೆ ಎಷ್ಟು ನಷ್ಟ ಎಂಬುದರ ಮೇಲೆ ಮೂರು ಗುಂಪು ಮಾಡಿದೆ. ಮುಚ್ಚಿದ ಬಾಗಿಲ ಕೆಲಸ, ಅರೆಬಾಗಿಲ ಕೆಲಸ, ತೆರೆದ ಬಾಗಿಲ ಕೆಲಸ. ಸಮಯ ಕೂರಿಸುವುದು, ಹೊಸ ಫೈಲಿನ ಮೊದಲ ಅನುವಾದ, ದರ ಮಾತಾಡುವ ಕರೆಗಳು ಮೊದಲನೆಯದಕ್ಕೆ. ಸಬ್‌ಟೈಟಲ್ ಎರಡು ಸಾಲು ಮೀರಿದೆಯೇ, ಪರದೆಯ ಮೇಲೆ 7 ಸೆಕೆಂಡಿಗಿಂತ ಜಾಸ್ತಿ ನಿಂತಿದೆಯೇ, ಒಂದರಿಂದ ಇನ್ನೊಂದಕ್ಕೆ ಕನಿಷ್ಠ 2 ಫ್ರೇಮ್ (ವಿಡಿಯೋದ ಎರಡು ಬಿಡಿಚಿತ್ರದಷ್ಟು) ಬಿಡುವಿದೆಯೇ ಎಂದು ನೋಡುವುದು ಅರೆಬಾಗಿಲಿಗೆ. ಇದಕ್ಕೆ ಹೆಡ್‌ಫೋನ್ ಬೇಡ, ಕಿವಿ ಮಗನ ಕಡೆಗೇ ಇರುತ್ತದೆ. ಮೇಲ್, ಬಿಲ್, ಫೈಲಿಗೆ ಹೆಸರಿಡುವುದು, ಹೆಸರುಗಳ ಪಟ್ಟಿ ತುಂಬುವುದು ತೆರೆದ ಬಾಗಿಲಿಗೆ.

ಇಷ್ಟೇ ವ್ಯವಸ್ಥೆ. ಯಾವ ಗಂಟೆಗೆ ಏನು ಎಂಬುದಿಲ್ಲ. ಮನೆ ಶಾಂತವಾದ ಕ್ಷಣ ಮುಚ್ಚಿದ ಬಾಗಿಲ ಗುಂಪಿನ ಕೆಲಸ ಬರೆದಿಟ್ಟ ಚೀಟಿಗಳಲ್ಲಿ ಮೇಲಿನದನ್ನು ಎತ್ತಿಕೊಳ್ಳುತ್ತೇನೆ. ಏನು ಮಾಡಲಿ ಎಂದು ಯೋಚಿಸುತ್ತಾ ಕೂರುವುದಿಲ್ಲ. ಮೊದಲು ಆ ಯೋಚನೆಗೇ ಹತ್ತು ನಿಮಿಷ ಹೋಗುತ್ತಿತ್ತು. ಒಂದು ಹೊತ್ತಿಗೆ ತೆರೆದಿರುವ ಫೈಲು ಎರಡು ಮೀರಬಾರದು ಎಂಬುದು ಇನ್ನೊಂದು ನಿಯಮ. ಒಂದು ಹೊತ್ತಿಗೆ ಕೈಯಲ್ಲಿರುವ ಕೆಲಸಕ್ಕೆ ಮಿತಿ ಹಾಕುವ ಟೊಯೋಟಾದವರ ಕಾನ್‌ಬಾನ್ ಪದ್ಧತಿ ಬಲ್ಲವರಿಗೆ ಇದು ಹೊಸದಲ್ಲ.

ಎದ್ದು ಹೋಗುವಾಗ ಒಂದು ಸಾಲು ಬರೆಯದೆ ಹೋಗುವುದಿಲ್ಲ. "12ನೇ ನಿಮಿಷ, ಅಜ್ಜನ ಮಾತು ಮುಗಿದಿದೆ, ಮುಂದಿನದು ಬಾಗಿಲ ಸದ್ದು" ಎಂಬಷ್ಟು ಸಾಕು. ಮಗ ಅಳುತ್ತಿದ್ದರೂ ಆ ಐದು ಸೆಕೆಂಡ್ ತೆಗೆದುಕೊಳ್ಳುತ್ತೇನೆ. ಬಿದ್ದಿದ್ದರೆ ಮಾತ್ರ ಇಲ್ಲ. ಇದರಿಂದ ಹದಿನೈದು ನಿಮಿಷದ ನಷ್ಟ ಆರೇಳಕ್ಕೆ ಇಳಿಯಿತು. ಅರ್ಧಕ್ಕೆ ಬಿಟ್ಟ ಕೆಲಸ ತಲೆಯಲ್ಲಿ ಉಳಿದು ಮುಂದಿನ ಕೆಲಸವನ್ನು ಕೆಡಿಸುತ್ತದೆ ಎಂದು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲೇ ತೋರಿಸಿದ್ದಾರೆ. ಎಲ್ಲಿ ಬಿಟ್ಟೆ, ಮುಂದೇನು ಎಂದು ಬರೆದಿಟ್ಟರೆ ಅದು ಕಡಿಮೆಯಾಗುತ್ತದೆ ಎಂಬುದೂ ಅವರ ನಂತರದ ಕೆಲಸದಲ್ಲಿದೆ. ನಾನು ಅದನ್ನು ಓದಿದ್ದು ಈ ಒಂದು ಸಾಲು ಬರೆಯಲು ಶುರು ಮಾಡಿದ ಎಷ್ಟೋ ತಿಂಗಳ ಮೇಲೆ. ಓದಿದ ದಿನ ತುಂಬಾ ಖುಷಿಯಾಯಿತು.

ಈಗ ದುಡ್ಡಿನ ಮಾತು. ವಾರಕ್ಕೆ ನನಗೆ ಸಿಗುವ ಮುಚ್ಚಿದ ಬಾಗಿಲ ಹೊತ್ತು ಹನ್ನೊಂದು ಹನ್ನೆರಡು ಗಂಟೆ. ಕೆಲಸ ಒಪ್ಪಿಕೊಳ್ಳುವುದು ಎಂಟು ಗಂಟೆಗೆ ಮಾತ್ರ. ಹತ್ತು ನಿಮಿಷದ ವಿಡಿಯೋಕ್ಕೆ ಶಾಂತವಾಗಿದ್ದರೆ ಎರಡು ಗಂಟೆ, ಮುರಿದು ಮುರಿದು ಮಾಡಿದರೆ ಮೂರೂವರೆ. ಈ ಅಂತರವೇ ನನ್ನ ಲಾಭ. ನೋಡಿಕೊಳ್ಳುವವರನ್ನು ವಾರಕ್ಕೆ ನಾಲ್ಕು ದಿನ, ಎರಡೆರಡು ಗಂಟೆಗೆ ಇಳಿಸಿದೆ. ಗಳಿಕೆಯಲ್ಲಿ ಈಗ ಅದು ಐದರಲ್ಲೊಂದು ಪಾಲು ಅಷ್ಟೇ. ಆ ಎರಡು ಗಂಟೆಯಲ್ಲಿ ಮೇಲ್ ತೆರೆದರೆ ಅವರಿಗೆ ಕೊಟ್ಟ ದುಡ್ಡು ದಂಡ. ಹೊಸ ಗ್ರಾಹಕರಿಗೆ ಡೆಡ್‌ಲೈನ್ ಹೇಳುವಾಗ ಎಷ್ಟು ದಿನ ಸೇರಿಸಿ ಹೇಳುತ್ತೇನೆ, ಅದನ್ನು ಯಾವ ಮಾತಿನಲ್ಲಿ ಹೇಳಿದರೆ ಅವರು ದರಕ್ಕೆ ಕೈ ಹಾಕುವುದಿಲ್ಲ ಎಂಬುದು ನನ್ನಲ್ಲೇ ಇರಲಿ. ಅದನ್ನು ಹದಕ್ಕೆ ತರಲು ನನಗೆ ವರ್ಷ ಹಿಡಿಯಿತು.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಬಟ್ಟೆ ಮಡಚುತ್ತಾ ಫೋನಿಗೆ ಮಾತಾಡಿ ಟೈಪ್ ಮಾಡಿಸುವುದು ಒಂದು. ತಪ್ಪು ತಿದ್ದುವ ಹೊತ್ತು ಟೈಪ್ ಮಾಡುವ ಹೊತ್ತಿನಷ್ಟೇ ಆಯಿತು, ಬಿಟ್ಟೆ. ಆಟಿಕೆ ಡಬ್ಬಿ ಮಾತ್ರ ಗೆದ್ದಿತು. ಆಟಿಕೆಗಳಲ್ಲಿ ಮೂರನೇ ಒಂದು ಪಾಲನ್ನು ಎತ್ತಿಟ್ಟು, ನಾನು ಹೆಡ್‌ಫೋನ್ ಹಾಕಿದಾಗ ಮಾತ್ರ ತೆಗೆದುಕೊಡುತ್ತೇನೆ. ವಾರಕ್ಕೊಮ್ಮೆ ಒಳಗಿನವು ಬದಲಾಗುತ್ತವೆ. ನಲವತ್ತು ನಿಮಿಷ ಗ್ಯಾರಂಟಿ. ಹೆಡ್‌ಫೋನ್ ತೆಗೆದ ಕೂಡಲೇ ಡಬ್ಬಿ ಮೇಲೆ ಹೋಗಬೇಕು. ಒಂದು ದಿನ ಸುಮ್ನೆ ಹೊರಗೆ ಬಿಟ್ಟರೂ ಅದರ ಗುಣ ಹೋಗುತ್ತದೆ. ಸ್ಕ್ರೀನನ್ನು ಇದಕ್ಕೆ ಬಳಸುವುದಿಲ್ಲ. 2 ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ 1 ಗಂಟೆಗಿಂತ ಜಾಸ್ತಿ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನನ್ನ ಮಗನಿಗೆ ಅರ್ಧ ಗಂಟೆ, ಅದೂ ಕರೆ ಇದ್ದ ದಿನ.

ದೊಡ್ಡವಳಿಗೆ ಮೂರು ಗುಂಪಿನ ಹೆಸರೂ ಗೊತ್ತು. ಬಂದವಳೇ "ಈಗ ಯಾವ ಬಾಗಿಲಮ್ಮಾ?" ಎಂದು ಕೇಳುತ್ತಾಳೆ. ತೆರೆದ ಬಾಗಿಲಾದರೆ ಅದೇ ಮೇಜಿನ ಮೇಲೆ ಅವಳ ಹೋಮ್‌ವರ್ಕ್, ನನ್ನ ಬಿಲ್.

ಶಾಲೆಗೆ ರಜೆ ಇದ್ದಾಗ ಮುಚ್ಚಿದ ಬಾಗಿಲ ಹೊತ್ತು ಐದಾರು ಗಂಟೆಗೆ ಇಳಿಯುತ್ತದೆ. ಆಗ ಹೊಸ ಅನುವಾದ ಒಪ್ಪಿಕೊಳ್ಳುವುದಿಲ್ಲ. ಬೇರೆಯವರು ಮಾಡಿದ ಫೈಲು ಪರಿಶೀಲಿಸುವ ಅರೆಬಾಗಿಲ ಕೆಲಸವನ್ನಷ್ಟೇ ಕೇಳಿ ಪಡೆಯುತ್ತೇನೆ. ಅದಕ್ಕೆ ದರ ಅನುವಾದದ ಮೂರನೇ ಒಂದರಷ್ಟು. ಹೊತ್ತೂ ಹೆಚ್ಚುಕಡಿಮೆ ಅಷ್ಟೇ ಸಾಕು. ಕಳೆದ ರಜೆಯಲ್ಲಿ ಹೀಗೆ ಮಾಡಿ ತಿಂಗಳ ಗಳಿಕೆಯ ಮುಕ್ಕಾಲು ಉಳಿಸಿಕೊಂಡೆ. ಗ್ರಾಹಕರು ಯಾರೂ ಬಿಟ್ಟುಹೋಗಲಿಲ್ಲ.