ಹಾರರ್ ಕಾಮಿಡಿಗೆ ರಕ್ತ ಚಿಮ್ಮಿಸುವುದು: ನನ್ನ ಅನುಭವ

ಹಾರರ್ ಕಾಮಿಡಿಯಲ್ಲಿ ರಕ್ತ ಯಾವ ಕ್ಷಣಕ್ಕೆ ಚಿಮ್ಮಿತು ಅನ್ನುವುದೇ ಮುಖ್ಯ. ಅರ್ಧ ಸೆಕೆಂಡು ಆಚೀಚೆ ಆದರೂ ನಗು ಬರುವುದಿಲ್ಲ. ಹಾಗಾಗಿ ಇರುವ ಚೂರುಪಾರು ಬಜೆಟ್ಟಿನಲ್ಲಿ ಮೊದಲ ಪಾಲು ರಕ್ತಕ್ಕೆ, ಪಂಪಿಗೆ, ಮುಖವಾಡ ಆಮೇಲೆ.

ನಕಲಿ ರಕ್ತಕ್ಕೆ ನನ್ನ ಅಳತೆ ಇದು: ಒಂದು ಲೀಟರ್ ಕಾರ್ನ್ ಸಿರಪ್ (ಮೆಕ್ಕೆಜೋಳದ ಸಿಹಿ ಪಾಕ), 200 ಮಿ.ಲೀ. ನೀರು, ಎರಡು ಚಮಚ ಕೋಕೋ ಪುಡಿ, ಅಡುಗೆಗೆ ಬಳಸುವ ಕೆಂಪು ಬಣ್ಣ 20–30 ಮಿ.ಲೀ., ನೀಲಿ ಮೂರ್ನಾಲ್ಕು ಹನಿ. ಕೋಕೋ ಬಿಟ್ಟರೆ ಲೈಟು ಬಿದ್ದಾಗ ರಕ್ತ ಶರಬತ್ತಿನ ಹಾಗೆ ಕಾಣುತ್ತದೆ; ನೀಲಿ ಬಿಟ್ಟರೆ ಗುಲಾಬಿಗೆ ತಿರುಗುತ್ತದೆ. 1981ರ ಹಾರರ್ ಸಿನಿಮಾ ‘ದಿ ಈವಿಲ್ ಡೆಡ್’ನ ತಂಡ ಇದೇ ಸಿರಪ್ಪು, ಕೆಂಪು ಬಣ್ಣದ ಜೊತೆ ಕಾಫಿ ಕ್ರೀಮರ್ ಬೆರೆಸಿತ್ತು. ಅದೂ ರಕ್ತ ಪಾರದರ್ಶಕವಾಗಿ ಕಾಣದಂತೆ ಮಾಡುತ್ತದೆ. ಕೋಕೋವನ್ನು ಬಿಸಿನೀರಲ್ಲಿ ಕಲಸಿ, ತೆಳುಬಟ್ಟೆಯಲ್ಲಿ ಸೋಸಿಯೇ ಹಾಕಿ. ಒಂದು ಗಂಟು ಉಳಿದರೂ ಟ್ಯೂಬು ಕಟ್ಟಿಕೊಳ್ಳುತ್ತದೆ.

ಚಿಮ್ಮಿಸಲು 5 ಲೀಟರಿನ ಕೈಪಂಪಿನ ಸ್ಪ್ರೇಯರ್ ಸಾಕು. ಅದರ ನಾಜಲ್ ಕಿತ್ತು 6 ಮಿ.ಮೀ. ಟ್ಯೂಬು ಸಿಕ್ಕಿಸಿ, ರಕ್ತಕ್ಕೆ ಇನ್ನಷ್ಟು ನೀರು ಬೆರೆಸಿ ತೆಳು ಮಾಡಿಕೊಳ್ಳಿ. ರಕ್ತ ಬಿಡುವ, ತಡೆಯುವ ವಾಲ್ವ್ ಪಂಪಿನ ಹತ್ತಿರ ಬೇಡ, ಗಾಯದ ಹತ್ತಿರ ಇರಲಿ, ಫ್ರೇಮಿನಿಂದ ಸ್ವಲ್ಪವೇ ಹೊರಗೆ. ಮೆತ್ತನೆಯ ಉದ್ದ ಟ್ಯೂಬು ಒತ್ತಡಕ್ಕೆ ಉಬ್ಬುತ್ತದೆ. ವಾಲ್ವ್ ದೂರವಿದ್ದರೆ ರಕ್ತ ತಡವಾಗಿ, ತೊಟ್ಟಿಕ್ಕುತ್ತಾ ಬರುತ್ತದೆ. ಟೇಕಿಗೆ ಮೊದಲು ಟ್ಯೂಬಿನೊಳಗಿನ ಗಾಳಿ ಪೂರ್ತಿ ಹೊರಹಾಕಿ, ಇಲ್ಲದಿದ್ದರೆ ಬುಸ್ಸೆಂದು ನೊರೆ ಉಗುಳುತ್ತದೆ.

ಇನ್ನು ಟೈಮಿಂಗು. ಕೊಡಲಿ ಬಿದ್ದ ಕೂಡಲೇ ಚಿಮ್ಮಿದರೆ ಜನ ಬೆಚ್ಚುತ್ತಾರೆ. ಪೆಟ್ಟು ತಿಂದವನು ತೋಳು ನೋಡಿಕೊಂಡು, ‘ಏನೂ ಆಗಿಲ್ಲ’ ಅಂತ ಬಾಯಿ ತೆರೆಯುವ ಹೊತ್ತಿಗೆ ಪಕ್ಕದವನ ಮುಖಕ್ಕೆ ಬಡಿದರೆ ನಗುತ್ತಾರೆ. ಇಬ್ಬರನ್ನೂ ಒಂದೇ ಶಾಟಿನಲ್ಲಿ, ಕ್ಯಾಮೆರಾ ಅಲ್ಲಾಡಿಸದೆ ಹಿಡಿಯಿರಿ. ಹಾಗೆ ಹಿಡಿದ ಮೇಲೆ ಎಡಿಟಿಂಗಿನಲ್ಲಿ ಸರಿಪಡಿಸಲು ಹೆಚ್ಚೇನೂ ಉಳಿಯುವುದಿಲ್ಲ, ಆದ್ದರಿಂದ ವಾಲ್ವ್ ಹಿಡಿದವರು ನಟನ ಕಣ್ಣನ್ನೇ ನೋಡುತ್ತಿರಬೇಕು. ವೈರ್‌ಲೆಸ್ ಮಾನಿಟರ್ ನಂಬಬೇಡಿ. ಅದರ ಚಿತ್ರ ಎಷ್ಟೋ ಸಲ ಸ್ವಲ್ಪ ಹಿಂದೆ ಬಿದ್ದಿರುತ್ತದೆ.

ರಕ್ತವಿಲ್ಲದ ಶಾಟುಗಳನ್ನೆಲ್ಲ ಮೊದಲು ಮುಗಿಸಿ. ಒಂದೇ ಥರದ ಮೂರು ಅಂಗಿ ಇರಲಿ. ಚರ್ಮಕ್ಕೆ ಮೊದಲೇ ವ್ಯಾಸಲೀನ್ ಸವರಿದರೆ ಕಲೆ ಕಡಿಮೆ. ಬಟ್ಟೆಯ ಮೇಲೆ ಸುರಿಯುವ ರಕ್ತಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಚಮಚ ಬೆರೆಸಿದರೆ ಒಗೆಯುವುದು ಸುಲಭ, ಆದರೆ ಕಣ್ಣು, ಬಾಯಿಯ ಹತ್ತಿರ ಅದನ್ನು ಬಳಸಲೇಬೇಡಿ. ನೆಲ ವಿಪರೀತ ಜಾರುತ್ತದೆ. ಲೈಟಿನ ವೈರುಗಳನ್ನು ನೆಲದಿಂದ ಮೇಲೆತ್ತಿ ಕಟ್ಟಿ. ಉಳಿದ ರಕ್ತ ಫ್ರಿಜ್ಜಿನಲ್ಲಿರಲಿ. ತಣ್ಣಗಾದರೆ ಗಟ್ಟಿಯಾಗುತ್ತದೆ, ಹಾಗಾಗಿ ಪಂಪಿಗೆ ತುಂಬುವ ಮೊದಲು ಬೆಚ್ಚಗಿನ ನೀರಿನಲ್ಲಿ ಬಾಟಲಿ ಇಟ್ಟು, ಚೆನ್ನಾಗಿ ಕುಲುಕಿ.