ಎಚ್‌ಎಎಲ್ ಪುಷ್ಪಕ್, 1:6 ಅಳತೆ: ಬಾಲ್ಸಾ ಮರದಲ್ಲಿ ಕಟ್ಟಿದ ಅನುಭವ

ಅಸಲಿ ವಿಮಾನವನ್ನು ಚಿಕ್ಕದಾಗಿಸಿ ರೇಡಿಯೊ ರಿಮೋಟ್‌ನಿಂದ ಹಾರಿಸುವ ಸ್ಕೇಲ್ ಮಾಡೆಲ್ ಎಂದ ಕೂಡಲೇ ಹೆಚ್ಚಿನವರ ಕಣ್ಣು ಸ್ಪಿಟ್‌ಫೈರ್, ಮಸ್ಟಾಂಗ್‌ನಂಥ ಯುದ್ಧವಿಮಾನಗಳ ಮೇಲೆ ಹೋಗುತ್ತದೆ. ನಾನು ಆರಿಸಿಕೊಂಡದ್ದು ನಮ್ಮ ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಪುಷ್ಪಕ್ ವಿಮಾನವನ್ನು. 1958ರ ಸೆಪ್ಟೆಂಬರ್‌ನಲ್ಲಿ ಮೊದಲ ಸಲ ಹಾರಿದ ಈ ವಿಮಾನದಲ್ಲಿ ಇಬ್ಬರು ಪಕ್ಕಪಕ್ಕದಲ್ಲಿ ಕೂರಬಹುದು. 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್. ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಎಷ್ಟೋ ಪೈಲಟ್‌ಗಳು ಹಾರಾಟ ಕಲಿತದ್ದು ಇದರಲ್ಲೇ. ಅಭಿಮಾನ ಒಂದು ಕಡೆಗಿರಲಿ, ಬಾಲ್ಸಾ ಎಂಬ ಹಗುರ ಮರಕ್ಕೆ ಇದರಷ್ಟು ಹೊಂದುವ ವಿಮಾನ ಸಿಗುವುದು ಕಷ್ಟ. ರೆಕ್ಕೆ ಮೇಲಿದೆ, ಉದ್ದಕ್ಕೂ ಒಂದೇ ಅಗಲ, ಹಾಗಾಗಿ ರೆಕ್ಕೆಗೆ ಆಕಾರ ಕೊಡುವ ಅಡ್ಡ ತುಂಡುಗಳು, ಅಂದರೆ ರಿಬ್‌ಗಳು, ಎಲ್ಲವೂ ಒಂದೇ ಅಚ್ಚಿನವು. ಅಸಲಿ ವಿಮಾನಕ್ಕೇ ಬಟ್ಟೆಯ ಹೊದಿಕೆ, ಆದ್ದರಿಂದ ಹೊದಿಕೆಯ ಅಡಿಯಲ್ಲಿ ರಿಬ್‌ಗಳ ಗೆರೆ ಕಂಡರೆ ಅದೇ ಸರಿಯಾದ ರೂಪ.

ಅಸಲಿ ರೆಕ್ಕೆಯ ಉದ್ದ 10.97 ಮೀಟರ್, ಮೂತಿಯಿಂದ ಬಾಲಕ್ಕೆ 6.32 ಮೀಟರ್. 1:6ಕ್ಕೆ ಇಳಿಸಿದರೆ 1830 ಮಿ.ಮೀ. ರೆಕ್ಕೆ, 1053 ಮಿ.ಮೀ. ಉದ್ದ, ರೆಕ್ಕೆಯ ಅಗಲ ಸುಮಾರು 250 ಮಿ.ಮೀ. ಮೂರು ನೋಟದ ನಕ್ಷೆಯನ್ನು ದೊಡ್ಡದು ಮಾಡಿ ಪ್ಲಾಟರ್ ಇರುವ ಅಂಗಡಿಯಲ್ಲಿ ಪ್ರಿಂಟ್ ತೆಗೆಸುವಾಗ ಹಾಳೆಯ ಅಂಚಿನಲ್ಲಿ ಉದ್ದಕ್ಕೊಂದು, ಅಡ್ಡಕ್ಕೊಂದು 500 ಮಿ.ಮೀ. ಗೆರೆ ಹಾಕಿಸಿ. ಪ್ರಿಂಟ್ ಬಂದ ಮೇಲೆ ಎರಡನ್ನೂ ಸ್ಟೀಲ್ ಸ್ಕೇಲ್‌ನಿಂದ ಅಳೆಯಿರಿ. ಒಂದು ದಿಕ್ಕಿಗೆ ಮಾತ್ರ ಎಳೆದುಕೊಂಡ ಪ್ರಿಂಟ್ ಕಣ್ಣಿಗೆ ಗೊತ್ತಾಗುವುದಿಲ್ಲ, ದೇಹಕ್ಕೆ ಆಕಾರ ಕೊಡುವ ಅಡ್ಡ ಚೌಕಟ್ಟುಗಳು (ಫಾರ್ಮರ್) ಕೂರದೇ ಇದ್ದಾಗಲೇ ಗೊತ್ತಾಗುವುದು.

ಮರ ಕತ್ತರಿಸುವ ಮೊದಲು ತೂಕದ ಲೆಕ್ಕ ಬರೆದುಕೊಳ್ಳಬೇಕು. ಈ ಮಾಡೆಲ್‌ನಲ್ಲಿ ಎಲ್ಲವೂ ಅದರ ಮೇಲೆಯೇ ನಿಂತಿದೆ. ಪುಷ್ಪಕ್‌ನ ಮೂತಿ ಗಿಡ್ಡ. ಮೋಟರ್, ಬ್ಯಾಟರಿ ಕೂರುವುದು ಸಿಜಿಯಿಂದ (ವಿಮಾನದ ತೂಕ ಸಮತೋಲವಾಗುವ ಬಿಂದು) ಸುಮಾರು 250 ಮಿ.ಮೀ. ಮುಂದೆ, ಬಾಲ ಇರುವುದು 620 ಮಿ.ಮೀ. ಹಿಂದೆ. ಅಂದರೆ ಬಾಲದಲ್ಲಿ 10 ಗ್ರಾಂ ಹೆಚ್ಚಾದರೆ ಮೂತಿಯಲ್ಲಿ 25 ಗ್ರಾಂ ಸೀಸ ಇಡಬೇಕು. ನಾನು ಇಟ್ಟುಕೊಂಡ ಲೆಕ್ಕ ಹೀಗಿದೆ: ರೆಕ್ಕೆಯ ಚೌಕಟ್ಟು ಎರಡೂ ಸೇರಿ 420 ಗ್ರಾಂ, ಫ್ಯೂಸಲೇಜ್ (ವಿಮಾನದ ದೇಹ) ಮತ್ತು ಚಕ್ರದ ಕಾಲು 620, ಬಾಲ 90, ಹೊದಿಕೆ ಮತ್ತು ಬಣ್ಣ 250, ಮೋಟರ್, ಅದರ ವೇಗ ನಿಯಂತ್ರಿಸುವ ಇಎಸ್‌ಸಿ, ಪ್ರೊಪೆಲರ್ 300, ಬ್ಯಾಟರಿ 350, ಸರ್ವೋ (ಬಾಲ, ರೆಕ್ಕೆಗಳ ಆಡುವ ಭಾಗಗಳನ್ನು ತಿರುಗಿಸುವ ಚಿಕ್ಕ ಮೋಟರ್), ರಿಸೀವರ್ ಮತ್ತು ವೈರ್ 180, ಚಕ್ರಗಳು 120, ಗಾಜು, ಸ್ಟ್ರಟ್ (ರೆಕ್ಕೆಗೆ ಕೆಳಗಿನಿಂದ ಕೊಡುವ ಓರೆ ಆಧಾರ), ಚಿಲ್ಲರೆ ಸಾಮಾನು 120. ಒಟ್ಟು 2450 ಗ್ರಾಂ. ರೆಕ್ಕೆಯ ವಿಸ್ತೀರ್ಣ ಸುಮಾರು 45 ಚದರ ಡೆಸಿಮೀಟರ್, ಅಂದರೆ ಪ್ರತಿ ಚದರ ಡೆಸಿಮೀಟರ್‌ಗೆ 54 ಗ್ರಾಂ. ಇದು ನಿಧಾನವಾಗಿ, ಅಸಲಿ ವಿಮಾನದ ಗತ್ತಿನಲ್ಲಿ ಹಾರುವ ತೂಕ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವುದರಿಂದ ಗಾಳಿ ತೆಳು. ಸ್ಟಾಲ್ ಆಗುವ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ವೇಗ ಮಂಗಳೂರಿನಲ್ಲಿ ಆಗುವುದಕ್ಕಿಂತ ಶೇ. 4–5ರಷ್ಟು ಹೆಚ್ಚು. ಘಟ್ಟದ ಮೇಲಿನವರು 200 ಗ್ರಾಂ ಹೆಚ್ಚಾದರೂ ಪರವಾಗಿಲ್ಲ ಎನ್ನುವ ಹಾಗಿಲ್ಲ.

ಹಾಗಾಗಿ ಬಾಲ್ಸಾ ಕೊಳ್ಳುವಾಗ ಚಿಕ್ಕ ಡಿಜಿಟಲ್ ತಕ್ಕಡಿ ಕೈಯಲ್ಲಿರಲಿ. 1000×100×3 ಮಿ.ಮೀ. ಹಾಳೆ 30ರಿಂದ 38 ಗ್ರಾಂ ತೂಗಿದರೆ ಹಗುರ ಮರ, 60 ದಾಟಿದರೆ ಗಟ್ಟಿ ಮರ. ಎರಡೂ ಬೇಕು, ಆದರೆ ಎಲ್ಲೆಲ್ಲಿಗೆ ಎಂಬುದು ಮುಖ್ಯ. ಬಾಲಕ್ಕೆ, ರೆಕ್ಕೆಯ ತುದಿಗೆ ಅತಿ ಹಗುರದ್ದು. ಫ್ಯೂಸಲೇಜ್‌ನ ಉದ್ದ ಕಡ್ಡಿಗಳಿಗೆ ಗಟ್ಟಿಯದು. ತೂಕದಷ್ಟೇ ಮುಖ್ಯ ಎಳೆಯ ರೀತಿ. ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ. ಮೈಮೇಲೆ ಮಿನುಗುವ ಚುಕ್ಕೆ ಚುಕ್ಕೆ ಮಚ್ಚೆ ಕಂಡರೆ ಅದು ಸಿ-ಗ್ರೇನ್: ಅಡ್ಡಕ್ಕೆ ಬಗ್ಗುವುದಿಲ್ಲ, ಬಗ್ಗಿಸಿದರೆ ಸೀಳುತ್ತದೆ, ರಿಬ್‌ಗೆ ಹೇಳಿ ಮಾಡಿಸಿದ ಮರ. ಉದ್ದುದ್ದ ಗೆರೆ ಮಾತ್ರ ಇದ್ದು, ಅಡ್ಡಕ್ಕೆ ಸಲೀಸಾಗಿ ಸುರುಳಿಯಾದರೆ ಎ-ಗ್ರೇನ್: ರೆಕ್ಕೆಯ ಮುಂದಿನ ಅಂಚು, ಅಂದರೆ ಲೀಡಿಂಗ್ ಎಡ್ಜ್ ಮೇಲೆ ಹೊದಿಸುವ ಹಾಳೆಗೆ ಇದೇ ಬೇಕು. ಇವೆರಡನ್ನು ಅದಲು ಬದಲು ಮಾಡಿದರೆ ಎಷ್ಟು ಅಂಟು ಸುರಿದರೂ ರೆಕ್ಕೆ ಸರಿ ಹೋಗುವುದಿಲ್ಲ.

ರಿಬ್‌ಗೆ ಕ್ಲಾರ್ಕ್ ವೈ ಆಕಾರ ತೆಗೆದುಕೊಂಡೆ. ಕೆಳಭಾಗ ಹೆಚ್ಚುಕಡಿಮೆ ಚಪ್ಪಟೆಯಾದ್ದರಿಂದ ಹಲಗೆಯ ಮೇಲೆ ನೇರವಾಗಿ ಇಟ್ಟು ಕಟ್ಟಬಹುದು. 3 ಮಿ.ಮೀ. ಪ್ಲೈವುಡ್‌ನಲ್ಲಿ ಎರಡು ಅಚ್ಚು ಮಾಡಿ, ನಡುವೆ 2 ಮಿ.ಮೀ. ಬಾಲ್ಸಾ ತುಂಡುಗಳನ್ನು ಪೇರಿಸಿ, ಎರಡು 3 ಮಿ.ಮೀ. ಬೋಲ್ಟ್‌ಗಳಿಂದ ಬಿಗಿದು, ಮರದ ತುಂಡಿಗೆ ಅಂಟಿಸಿದ 120 ನಂಬರಿನ ಉಪ್ಪುಕಾಗದದಿಂದ ಉಜ್ಜಿದರೆ ಒಂದು ಬದಿಯ 14 ರಿಬ್ ಒಟ್ಟಿಗೆ ತಯಾರು. ರೆಕ್ಕೆಯ ಉದ್ದಕ್ಕೂ ಹೋಗಿ ಭಾರ ಹೊರುವ ಪಟ್ಟಿ, ಅಂದರೆ ಸ್ಪಾರ್, ಕೂರುವ ಕಚ್ಚನ್ನೂ ಬಿಚ್ಚುವ ಮೊದಲೇ ಹಾಕಿ. ಕಚ್ಚು ಒಂದು ಕೂದಲೆಳೆ ಬಿಗಿಯಾಗಿಯೇ ಇರಲಿ, ಸಡಿಲವಾದರೆ ಆ ಸಂದನ್ನು ತುಂಬುವ ಅಂಟೇ ತೂಕವಾಗುತ್ತದೆ.

ಸ್ಪಾರ್‌ಗೆ ಬಾಲ್ಸಾ ಬೇಡ. ಮೇಲೊಂದು ಕೆಳಗೊಂದು 5×5 ಮಿ.ಮೀ. ಸ್ಪ್ರೂಸ್ ಪಟ್ಟಿ ಹಾಕಿ, ಎರಡರ ನಡುವೆ ರಿಬ್‌ನಿಂದ ರಿಬ್‌ಗೆ 1.5 ಮಿ.ಮೀ. ಬಾಲ್ಸಾದ ತೆಳು ಗೋಡೆ (ವೆಬ್) ಅಂಟಿಸಿ. ವೆಬ್‌ನ ಎಳೆ ಲಂಬವಾಗಿರಬೇಕು. ಹಾಳೆ ಉಳಿಸಲು ಎಳೆಯನ್ನು ಅಡ್ಡ ಹಾಕುವವರಿದ್ದಾರೆ. ಡೈವ್‌ನಿಂದ ಮೇಲೆತ್ತುವಾಗ ಮೇಲಿನ ಸ್ಪಾರ್ ಒತ್ತಡಕ್ಕೆ ಸಿಕ್ಕಿ ಡೊಂಕಾಗಲು ನೋಡುತ್ತದೆ, ಅಡ್ಡ ಎಳೆಯ ವೆಬ್ ಆಗ ಸೀಳಿಬಿಡುತ್ತದೆ, ರೆಕ್ಕೆ ಅಲ್ಲೇ ಮಡಚಿಕೊಳ್ಳುತ್ತದೆ. ಎರಡು ರೆಕ್ಕೆಗಳನ್ನು ಜೋಡಿಸಲು ಕ್ಯಾಬಿನ್ ಮೇಲಿಂದ ಹಾದುಹೋಗುವ 12 ಮಿ.ಮೀ. ಅಲ್ಯೂಮಿನಿಯಂ ಕೊಳವೆ ಇದೆ. ಅದು ಕೂರುವ ತೋಳು ಮೊದಲ ನಾಲ್ಕು ರಿಬ್‌ಗಳ ಒಳಗೆ ಹೋಗಲಿ, ಅಲ್ಲಿ ಮಾತ್ರ ವೆಬ್ ಪ್ಲೈವುಡ್‌ನದಿರಲಿ. ರೆಕ್ಕೆ ಸ್ಟ್ರಟ್‌ಗಳ ನೆರವಿಲ್ಲದೆಯೇ ಭಾರ ಹೊರುವಂತಿರಬೇಕು. ಸ್ಟ್ರಟ್ ಹಾಕಲು ಮರೆತು ಹಾರಿಸುವ ದಿನ ಯಾರಿಗೂ ಬರಬಹುದು.

ಇನ್ನು ವಾಷ್‌ಔಟ್, ಅಂದರೆ ರೆಕ್ಕೆಯ ತುದಿಯಲ್ಲಿ ಹಿಂದಿನ ಅಂಚನ್ನು ತುಸು ಮೇಲಕ್ಕೆ ತಿರುಚುವುದು. ಅಗಲ ಒಂದೇ ಇರುವ ರೆಕ್ಕೆ ಸೌಮ್ಯ ಸ್ವಭಾವದ್ದೇ, ಆದರೂ ತುದಿಯಲ್ಲಿ 2 ಡಿಗ್ರಿ ತಿರುವು ಕೊಟ್ಟರೆ ಇಳಿಯುವಾಗ ರೆಕ್ಕೆ ಜಾರುವ ಭಯವಿಲ್ಲ. 250 ಮಿ.ಮೀ. ಅಗಲಕ್ಕೆ 2 ಡಿಗ್ರಿ ಎಂದರೆ ಹಿಂದಿನ ಅಂಚು 9 ಮಿ.ಮೀ. ಮೇಲೇಳಬೇಕು. ಬುಡದಲ್ಲಿ ಸೊನ್ನೆ, ತುದಿಯಲ್ಲಿ 9 ಮಿ.ಮೀ. ದಪ್ಪ ಬರುವ ಉದ್ದನೆಯ ಬೆಣೆಯೊಂದನ್ನು ಸೀಳಿ, ಆ ಹಿಂದಿನ ಅಂಚಿನ (ಟ್ರೇಲಿಂಗ್ ಎಡ್ಜ್) ಅಡಿಯಲ್ಲಿಟ್ಟು, ಗುಂಡುಸೂಜಿಯಿಂದ ಭದ್ರ ಮಾಡಿ, ಆಮೇಲೆಯೇ ವೆಬ್ ಮತ್ತು ಮೇಲಿನ ಹಾಳೆ ಅಂಟಿಸಿ. ಲೀಡಿಂಗ್ ಎಡ್ಜ್‌ನಿಂದ ಸ್ಪಾರ್‌ವರೆಗೆ ಮೇಲೂ ಕೆಳಗೂ 1.5 ಮಿ.ಮೀ. ಹಾಳೆ ಮುಚ್ಚಿಕೊಂಡ ಮೇಲೆ ಅದು ಕೊಳವೆಯಂತೆ ಬಿಗಿಯುತ್ತದೆ, ತಿರುವು ಅಲ್ಲೇ ನಿಲ್ಲುತ್ತದೆ. ಎಡಕ್ಕೂ ಬಲಕ್ಕೂ ಅದೇ ಬೆಣೆಯನ್ನೇ ತಿರುಗಿಸಿ ಬಳಸಿ, ವ್ಯತ್ಯಾಸ 1 ಮಿ.ಮೀ. ದಾಟಬಾರದು. ದಾಟಿದರೆ ಆ ದೋಷ ವೇಗದಲ್ಲಿ ಟ್ರಿಮ್‌ನಿಂದ (ರಿಮೋಟ್‌ನಲ್ಲಿ ಮಾಡುವ ಸಣ್ಣ ತಿದ್ದುಪಡಿ) ಮುಚ್ಚಿಕೊಳ್ಳುತ್ತದೆ. ನಿಧಾನ ಮಾಡಿದಾಗ, ಅಂದರೆ ನೆಲದ ಹತ್ತಿರ, ಒಂದು ಕಡೆಗೆ ವಾಲುತ್ತದೆ.

ಅಂಟಿನ ವಿಷಯದಲ್ಲಿ ಒಂದೇ ಸೂತ್ರ: ಉಜ್ಜಬೇಕಾದ ಜೋಡಣೆಗೆ ಸೂಪರ್ ಗ್ಲೂ ಹಾಕಬೇಡಿ. ಅದು ಒಣಗಿದಾಗ ಬಾಲ್ಸಾಗಿಂತ ಎಷ್ಟೋ ಗಟ್ಟಿ. ಉಜ್ಜಿದಾಗ ಮರ ಸವೆಯುತ್ತದೆ, ಅಂಟಿನ ಗೆರೆ ಉಬ್ಬಿ ನಿಲ್ಲುತ್ತದೆ, ಹೊದಿಕೆ ಹಾಕಿದ ಮೇಲೆ ಎದ್ದು ಕಾಣುತ್ತದೆ. ಹಾಳೆಯಿಂದ ಹಾಳೆಗೆ ಜೋಡಿಸಲು ಬಿಳಿ ಮರದಂಟು ಸಾಕು, ರಾತ್ರಿಯಿಡೀ ಒಣಗಲಿ. ರಿಬ್‌ಗೂ ಸ್ಪಾರ್‌ಗೂ ತೆಳು ಸೂಪರ್ ಗ್ಲೂ. ಫೈರ್‌ವಾಲ್ (ಮೋಟರ್ ಕೂರುವ ಮುಂದಿನ ಹಲಗೆ), ಚಕ್ರದ ಕಾಲು, ಕೊಳವೆಯ ತೋಳು, ಈ ಮೂರಕ್ಕೆ ಮಾತ್ರ ಎಪಾಕ್ಸಿ. ಐದು ನಿಮಿಷದ್ದಲ್ಲ, ನಿಧಾನವಾಗಿ ಕಟ್ಟುವಂಥದ್ದು.

ಫ್ಯೂಸಲೇಜ್‌ನ ಎರಡು ಬದಿಗಳನ್ನು ನಕ್ಷೆಯ ಮೇಲೆ ಒಂದರ ಮೇಲೊಂದು ಕಟ್ಟಬೇಕು, ನಡುವೆ ಬಟರ್ ಪೇಪರ್. ಉದ್ದ ಕಡ್ಡಿಗಳು 6×6 ಮಿ.ಮೀ. ಎಡ ಬಲದ ಜೋಡಿ ಕಡ್ಡಿಗಳನ್ನು ಒಂದೇ ಹಾಳೆಯಲ್ಲಿ, ಪಕ್ಕಪಕ್ಕದಲ್ಲೇ ಸೀಳಿಕೊಳ್ಳಿ. ಕಾರಣ, ಕ್ಯಾಬಿನ್ ಹಿಂದೆ ಎರಡೂ ಬದಿಗಳನ್ನು ಒಳಕ್ಕೆ ಬಗ್ಗಿಸಿ ಬಾಲದಲ್ಲಿ ಸೇರಿಸುವಾಗ, ಒಂದು ಕಡ್ಡಿ ಮೆತ್ತಗೆ, ಇನ್ನೊಂದು ಬಿರುಸು ಇದ್ದರೆ ಬಿರುಸಾದದ್ದು ತನ್ನ ಕಡೆಗೆ ಎಳೆದು ಇಡೀ ದೇಹ ಡೊಂಕಾಗುತ್ತದೆ. ನಕ್ಷೆಯಲ್ಲಿ ನಡುಗೆರೆ ಎಳೆದು, ಪ್ರತಿ ಅಡ್ಡಪಟ್ಟಿ ಹಾಕಿದ ಮೇಲೂ ಮೂಲೆಮಟ್ಟದಿಂದ ನೋಡಿ. ಕ್ಯಾಬಿನ್ ಭಾಗಕ್ಕೆ 2 ಮಿ.ಮೀ. ಬಾಲ್ಸಾ, ಒಳಗೆ 0.8 ಮಿ.ಮೀ. ಪ್ಲೈ.

ಫೈರ್‌ವಾಲ್ 6 ಮಿ.ಮೀ. ಬರ್ಚ್ ಪ್ಲೈ; ಮೋಟರ್ 2 ಡಿಗ್ರಿ ಬಲಕ್ಕೆ, 2 ಡಿಗ್ರಿ ಕೆಳಕ್ಕೆ ಮುಖ ಮಾಡುವಂತೆ. ಮೋಟರ್ ಹೀಗೆ ಬಲಕ್ಕೆ ಮುಖ ಮಾಡಿದಾಗಲೂ ಪ್ರೊಪೆಲರ್‌ನ ನಡು ಕೌಲ್‌ನ (ಮೋಟರ್ ಮುಚ್ಚುವ ಕವಚ) ನಡುವಿಗೆ ಬರಬೇಕಲ್ಲ, ಅದಕ್ಕೆ ಮೋಟರನ್ನು ಸುಮಾರು 2.5 ಮಿ.ಮೀ. ಎಡಕ್ಕೆ ಸರಿಸಿ ಕೂರಿಸಿ. ಫೈರ್‌ವಾಲ್‌ನಿಂದ ಪ್ರೊಪೆಲರ್‌ಗೆ 70 ಮಿ.ಮೀ. ಇದ್ದಾಗ ಬರುವ ಲೆಕ್ಕ ಇದು. 700 ಕೆವಿ (ಪ್ರತಿ ವೋಲ್ಟ್‌ಗೆ ನಿಮಿಷಕ್ಕೆ 700 ಸುತ್ತು) ಆಸುಪಾಸಿನ ಮೋಟರ್, 13×6.5 ಇಂಚಿನ ಪ್ರೊಪೆಲರ್, 4ಎಸ್ (ನಾಲ್ಕು ಸೆಲ್‌ನ) 3300 ಎಂಎಎಚ್ ಲಿಪೋ ಬ್ಯಾಟರಿ, 60 ಆಂಪಿಯರ್ ಇಎಸ್‌ಸಿ. ಪೂರ್ತಿ ಥ್ರಾಟಲ್‌ನಲ್ಲಿ 35 ಆಂಪಿಯರ್ ಎಳೆದರೆ 500 ವ್ಯಾಟ್. ಈ ತೂಕಕ್ಕೆ ಧಾರಾಳ. ಬ್ಯಾಟರಿ ಫೈರ್‌ವಾಲ್‌ಗೆ ಒತ್ತಿ ಕೂರಲಿ, ಸರ್ವೋಗಳೆಲ್ಲ ಕ್ಯಾಬಿನ್‌ನಲ್ಲಿರಲಿ. ಮೂತಿಯನ್ನು ಎಡಬಲಕ್ಕೆ ತಿರುಗಿಸುವ ರಡರ್‌ಗೂ, ಮೇಲೆ ಕೆಳಗೆ ಮಾಡುವ ಎಲಿವೇಟರ್‌ಗೂ ಎರಡೂ ಕಡೆಯಿಂದ ಎಳೆಯುವ ತೆಳು ಉಕ್ಕಿನ ಕೇಬಲ್ ಹಾಕಿದೆ. ಉದ್ದನೆಯ ತಳ್ಳುಕಡ್ಡಿಗಿಂತ (ಪುಶ್‌ರಾಡ್) ಹಗುರ, ಆ ತೂಕವೆಲ್ಲ ಸಿಜಿಯ ಹಿಂದೆ ಕೂರುವಂಥದ್ದು.

ಚಕ್ರದ ಕಾಲಿಗೆ 4 ಮಿ.ಮೀ. ಪಿಯಾನೋ ವೈರ್. ಸಿಜಿಯಿಂದ ನೇರ ಕೆಳಗೆ ಇಳಿಸಿದ ಗೆರೆಗೂ ಚಕ್ರದ ಅಚ್ಚಿಗೂ ನಡುವೆ 15ರಿಂದ 20 ಡಿಗ್ರಿ, ಚಕ್ರ ಮುಂದೆ. ಕಡಿಮೆಯಾದರೆ ಹುಲ್ಲಿನಲ್ಲಿ ಮೂತಿ ಊರುತ್ತದೆ, ಹೆಚ್ಚಾದರೆ ಇಳಿಯುವಾಗ ಪುಟಿಯುತ್ತದೆ. ಎರಡೂ ಚಕ್ರ 1–2 ಡಿಗ್ರಿ ಒಳಮುಖವಾಗಿರಲಿ, ಓಟದಲ್ಲಿ ಗಿರಕಿ ಹೊಡೆಯುವುದು ತಪ್ಪುತ್ತದೆ.

ಹೊದಿಕೆಗೆ ಹೊಳೆಯುವ ಪ್ಲಾಸ್ಟಿಕ್ ಫಿಲ್ಮ್ ಹಾಕಿದರೆ ಪುಷ್ಪಕ್ ಪುಷ್ಪಕ್ ಆಗಿ ಉಳಿಯುವುದಿಲ್ಲ. ಬಟ್ಟೆ ಅಂಗಡಿಯಲ್ಲಿ ಸಿಗುವ ತೆಳು ಪಾಲಿಯೆಸ್ಟರ್ ಲೈನಿಂಗ್ ಬಟ್ಟೆಯೇ ಸಾಕು. ಪೂರ್ತಿ ಪಾಲಿಯೆಸ್ಟರ್ ಆಗಿರಬೇಕು, ಹತ್ತಿ ಬೆರೆತದ್ದು ಬಿಸಿಗೆ ಕುಗ್ಗುವುದಿಲ್ಲ. ಕೊಳ್ಳುವ ಮೊದಲು ಒಂದು ತುಂಡಿನ ಮೇಲೆ ಇಸ್ತ್ರಿ ಇಟ್ಟು ನೋಡಿ. ಚೌಕಟ್ಟನ್ನು 320 ನಂಬರಿನ ಕಾಗದದಿಂದ ಉಜ್ಜಿ, ಅಂಚುಗಳಿಗೆ ನೀರಿನಲ್ಲಿ ಬೆರೆಯುವ ಬಗೆಯ (ವಾಟರ್ ಬೇಸ್ಡ್) ಪಾಲಿಯುರಿಥೇನ್ ವಾರ್ನಿಶ್ ಬಳಿದು, ಬಟ್ಟೆ ಅಂಟಿಸಿ, ಒಣಗಿದ ಮೇಲೆ ಇಸ್ತ್ರಿಯಿಂದ ಬಿಗಿ ಮಾಡಿ. ಮೇಲೂ ಕೆಳಗೂ ಸ್ವಲ್ಪ ಸ್ವಲ್ಪವೇ, ಬೆಣೆಯ ಮೇಲೆ ರೆಕ್ಕೆ ಇಟ್ಟುಕೊಂಡೇ ಬಿಸಿ ಮಾಡಬೇಕು. ಒಂದೇ ಬದಿಯನ್ನು ಪೂರ್ತಿ ಬಿಗಿದರೆ ಬಟ್ಟೆಯ ಎಳೆತಕ್ಕೆ ಕಷ್ಟಪಟ್ಟು ತಂದ ವಾಷ್‌ಔಟ್ ಕೆಡುತ್ತದೆ.

ಅಸಲಿ ವಿಮಾನದಲ್ಲಿ ಬಟ್ಟೆಯನ್ನು ರಿಬ್‌ಗೆ ದಾರದಿಂದ ಹೊಲಿದಿರುತ್ತಾರೆ. ಅದನ್ನು ತೋರಿಸಲು ಬಿಳಿ ಅಂಟನ್ನು ಇಂಜೆಕ್ಷನ್ ಸಿರಿಂಜಿನಲ್ಲಿ ತುಂಬಿ, ಪ್ರತಿ ರಿಬ್ ಮೇಲೆ 12 ಮಿ.ಮೀ.ಗೆ ಒಂದರಂತೆ ಸಾಸಿವೆ ಗಾತ್ರದ ಚುಕ್ಕೆ ಇಡಿ. ಪೂರ್ತಿ ಒಣಗಿದ ಮೇಲೆ, ಹಲ್ಲಿನ ಅಂಚಿನ ಕತ್ತರಿಯಲ್ಲಿ ಕತ್ತರಿಸಿದ 5 ಮಿ.ಮೀ. ಅಗಲದ ಅದೇ ಬಟ್ಟೆಯ ಪಟ್ಟಿಯನ್ನು ವಾರ್ನಿಶ್‌ನಿಂದ ಮೇಲೆ ಅಂಟಿಸಿ. ತಾಳ್ಮೆ ಬೇಡುವ ಕೆಲಸ. ಓರೆ ಬಿಸಿಲಿನಲ್ಲಿ ಆ ಸಾಲು ಸಾಲು ಗಂಟು ಕಂಡಾಗ ಮಾಡೆಲ್‌ಗೆ ಬರುವ ಕಳೆ ಬೇರೆ ಯಾವುದರಿಂದಲೂ ಬರುವುದಿಲ್ಲ. ಬಣ್ಣಕ್ಕೆ ಒಂದೇ ವಿಮಾನದ ಫೋಟೊ ಆರಿಸಿ, ಕೊನೆಯವರೆಗೂ ಅದನ್ನೇ ಅನುಸರಿಸಿ. ತೆಳುವಾಗಿ ಎರಡು ಕೋಟ್ ಸಾಕು.

ಸಿಜಿ ಲೀಡಿಂಗ್ ಎಡ್ಜ್‌ನಿಂದ 70 ಮಿ.ಮೀ., ಮೊದಲ ಹಾರಾಟಕ್ಕೆ 65. ರೆಕ್ಕೆಯ ಕೋನ 2 ಡಿಗ್ರಿ, ಬಾಲ ಸೊನ್ನೆ. ಎಲಿವೇಟರ್ ಮೇಲೆ ಕೆಳಗೆ 12 ಮಿ.ಮೀ., ರಡರ್ 25 ಮಿ.ಮೀ. ರೆಕ್ಕೆಯ ಹಿಂದಿನ ಅಂಚಿನಲ್ಲಿ ಆಡುವ ಏಲರಾನ್ ಮೇಲಕ್ಕೆ 14, ಕೆಳಕ್ಕೆ 7 ಮಾತ್ರ. ಎರಡೂ ಸಮ ಇದ್ದರೆ ಕೆಳಗಿಳಿದ ಏಲರಾನ್ ಗಾಳಿಯನ್ನು ಹೆಚ್ಚು ತಡೆದು, ಬಲಕ್ಕೆ ತಿರುಗಿಸಿದಾಗ ಮೂತಿ ಎಡಕ್ಕೆ ಹೋಗುತ್ತದೆ. ಇಷ್ಟಾದರೂ ತಿರುವುಗಳಿಗೆ ರಡರ್ ಬೇಕೇ ಬೇಕು, ಪುಷ್ಪಕ್‌ನ ಹಾರಾಟ ಚೆಂದ ಕಾಣುವುದೂ ಅದರಿಂದಲೇ.

ಹಾರಿಸುವ ಜಾಗವನ್ನು ಸರ್ಕಾರದ ಡ್ರೋನ್ ಜಾಲತಾಣವಾದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಮೊದಲೇ ನೋಡಿಕೊಳ್ಳಿ. ಹಸಿರು ವಲಯದಲ್ಲಿ ಸಾಮಾನ್ಯವಾಗಿ 120 ಮೀಟರ್‌ವರೆಗೆ ಅವಕಾಶ, ವಿಮಾನ ನಿಲ್ದಾಣದಿಂದ 8–12 ಕಿ.ಮೀ. ನಡುವೆ 60 ಮೀಟರ್. ಬೆಳಗಿನ ಗಾಳಿಯಿಲ್ಲದ ಹೊತ್ತೇ ಒಳ್ಳೆಯದು. ಬಾಲವನ್ನು ನೆಲಕ್ಕೆ ಒತ್ತಿ ಹಿಡಿದು ನಿಧಾನವಾಗಿ ಥ್ರಾಟಲ್ ಏರಿಸಿ, ವೇಗ ಬಂದ ಮೇಲೆ ಎಲಿವೇಟರ್ ಸಡಿಲಿಸಿ ಬಾಲ ಏಳಲು ಬಿಡಿ, ಬಲ ರಡರ್ ಸಿದ್ಧವಿರಲಿ. ಇಳಿಸುವಾಗ ಸ್ವಲ್ಪ ಥ್ರಾಟಲ್ ಇಟ್ಟುಕೊಂಡೇ ಬನ್ನಿ.

ಮಳೆಗಾಲದಲ್ಲಿ ರೆಕ್ಕೆಯನ್ನು ಗೋಡೆಗೆ ಒರಗಿಸಿ ಇಡಬಾರದು, ಸೊಟ್ಟಗಾಗುತ್ತದೆ. ಎರಡು ಕಡೆ ಆಧಾರ ಕೊಟ್ಟು ಮಲಗಿಸಿ, ಬ್ಯಾಟರಿಯನ್ನು ಪ್ರತಿ ಸೆಲ್‌ಗೆ 3.8 ವೋಲ್ಟ್‌ಗೆ ತಂದು ಬೇರೆಯಾಗಿ ಇಡಿ. ಮತ್ತೆ ಹಾರಿಸುವ ಮೊದಲು ಬಾಲದ ಕೇಬಲ್‌ಗಳ ಬಿಗಿ ನೋಡಿಕೊಳ್ಳಿ. ತೇವಕ್ಕೂ ಬಿಸಿಲಿಗೂ ಮರ ಹಿಗ್ಗಿ ಕುಗ್ಗುವುದರಿಂದ ಅವು ಸ್ವಲ್ಪ ಸಡಿಲವಾಗಿಯೇ ಇರುತ್ತವೆ.